ಹಸಿರು ಮೊಸಳೆಯ ಊರಿನಲ್ಲಿ

ಜಾವಾ ದ್ವೀಪಕ್ಕೆ ನಾನು ಹೋದದ್ದು ಕಾಲ್ಚೆಂಡಿನ ಆಟವನ್ನು ನೋಡುವುದಕ್ಕಲ್ಲ. ಕನ್ನಡ ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಓದಿದವನಿಗೆ ಹಳೆಯ ಇಟ್ಟಿಗೆ ಕಲ್ಲುಗಳ ಹುಚ್ಚು ಹಿಡಿಯುವುದು ಸಹಜ. ಮಜಪಾಹಿತ ಸಾಮ್ರಾಜ್ಯದ ರಾಜಧಾನಿ ಇದ್ದ ತ್ರೊವುಲಾನ್ ಎಂಬಲ್ಲಿ ಕೆಂಪಿಟ್ಟಿಗೆಯ ಹೆಬ್ಬಾಗಿಲುಗಳೂ ಸ್ನಾನದ ಕೊಳವೂ ಇಂದಿಗೂ ಉಳಿದಿವೆಯೆಂದು ಓದಿ, ಅವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ ದಸರಾ ರಜೆಯಲ್ಲಿ ಹೊರಟಿದ್ದೆನು. ತ್ರೊವುಲಾನಿಗೆ ಹೋಗುವವರು ಸಾಮಾನ್ಯವಾಗಿ ಸುರಬಾಯ ನಗರದಲ್ಲಿ ಇಳಿಯುತ್ತಾರೆ; ಅಲ್ಲಿಂದ ಸುಮಾರು ೬೦ ಕಿಲೋಮೀಟರಿನ ದಾರಿ. ನನ್ನ ಲೆಕ್ಕದಲ್ಲಿ ಸುರಬಾಯವೆಂದರೆ ರಾತ್ರಿ ಮಲಗಿ ಬೆಳಿಗ್ಗೆ ಬಿಟ್ಟು ಹೊರಡಬೇಕಾದ ಊರು, ಅಷ್ಟೆ. ನಡೆದದ್ದೇ ಬೇರೆ. ಇಟ್ಟಿಗೆಗಳಿಗೆ ಒಂದೇ ದಿನ ಸಂದಿತು. ಉಳಿದ ಮೂರು ದಿನಗಳನ್ನು ಆ ಊರಿನ ಎರಡು ಕ್ರೀಡಾಂಗಣಗಳೂ ಒಂದು ಪುಟ್ಟ ಮೈದಾನವೂ ಕಸಿದುಕೊಂಡವು.

ಇದಕ್ಕೆ ಕಾರಣರಾದವರು ನಾನು ಗೊತ್ತುಮಾಡಿಕೊಂಡಿದ್ದ ಬಾಡಿಗೆ ಕಾರಿನ ಚಾಲಕರು. ಐವತ್ತು ದಾಟಿದ ಮನುಷ್ಯ, ಮಿತಭಾಷಿ, ಆದರೆ ಕಾಲ್ಚೆಂಡಿನ ಮಾತು ಬಂದರೆ ಮಾತ್ರ ನಿಲ್ಲಿಸುವುದು ಕಷ್ಟ. ಸುರಬಾಯದಲ್ಲಿ ತಮಗಿಂತ ಹಿರಿಯನಾದ ಗಂಡಸನ್ನು ‘ಚಾಕ್’ ಎಂದು ಕರೆಯುತ್ತಾರೆ. ನಮ್ಮ ‘ಅಣ್ಣ’ ಇದ್ದ ಹಾಗೆ. ನಾನೂ ಅವರನ್ನು ಚಾಕ್ ಎಂದೇ ಕರೆದೆನು. ಅವರು ನನ್ನನ್ನು ‘ಪಾಕ್’ ಎಂದರು. ಅದು ತಂದೆಗೂ ಮೇಷ್ಟರಿಗೂ ಸಮನಾಗಿ ಸಲ್ಲುವ ಗೌರವದ ಮಾತು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದಕ್ಕೊಂದು ಊರುಗೋಲಾಗಿ ಕುಂಟುತ್ತ ನಡೆದವು.

“ತ್ರೊವುಲಾನಿನ ರಾಜರು ಎಲ್ಲಿಗೂ ಹೋಗುವುದಿಲ್ಲ, ಪಾಕ್. ಆರು ನೂರು ವರ್ಷ ಕಾದಿದ್ದಾರೆ; ಇನ್ನೊಂದು ದಿನ ಕಾಯಲಿ. ಮೊದಲು ನಮ್ಮ ತಂಬಾಕ್‌ಸಾರಿಯನ್ನು ನೋಡಿ” ಎಂದು ಮೊದಲನೆಯ ಬೆಳಗ್ಗೆಯೇ ಕಾರನ್ನು ತಿರುಗಿಸಿಬಿಟ್ಟರು.

ಹೆಸರಿನಲ್ಲೇ ಶೂರ, ಹೆಸರಿನಲ್ಲೇ ಭಯ

ದಾರಿಯುದ್ದಕ್ಕೂ ನಾನು ಕಂಡದ್ದು ಮೊಸಳೆ. ಗೋಡೆಯ ಮೇಲೆ ಮೊಸಳೆ, ಮೋಟಾರು ಬೈಕಿನ ಮೇಲೆ ಮೊಸಳೆ, ಹುಡುಗರ ಅಂಗಿಯ ಎದೆಯ ಮೇಲೆ ಮೊಸಳೆ; ಎಲ್ಲವೂ ಹಚ್ಚ ಹಸಿರು. ಊರಿನ ಲಾಂಛನದಲ್ಲಿಯೇ ಒಂದು ಷಾರ್ಕ್ ಮೀನೂ ಒಂದು ಮೊಸಳೆಯೂ ಸೆಣಸುತ್ತಿವೆ. ಜಾವಾ ಭಾಷೆಯಲ್ಲಿ ‘ಸುರ’ ಎಂದರೆ ಆ ಮೀನು, ‘ಬಾಯ’ ಎಂದರೆ ಮೊಸಳೆ. ಅವೆರಡೂ ಕಾದಾಡಿದ ಸ್ಥಳವೇ ಸುರಬಾಯವೆಂಬುದು ಮಕ್ಕಳ ಕಥೆ. ದೊಡ್ಡವರು ಹೇಳುವ ಅರ್ಥ ಬೇರೆ: ‘ಸುರ ಇಂಗ್ ಬಾಯ’, ಎಂದರೆ ಅಪಾಯದ ಎದುರಿನಲ್ಲಿ ಶೂರ. ೧೩೫೮ರ ಒಂದು ತಾಮ್ರಶಾಸನದಲ್ಲಿ ನದೀತೀರದ ಊರುಗಳ ಪಟ್ಟಿಯೊಳಗೆ ಈ ಹೆಸರು ‘ಶೂರಭಯ’ ಎಂದೇ ಬಂದಿದೆ. ಶೂರ, ಭಯ ಎರಡೂ ನಮಗೆ ದಿನನಿತ್ಯದ ಮಾತುಗಳು. ಸಮುದ್ರಗಳಾಚೆಯ ಊರಿನ ಹೆಸರು ನಿಘಂಟಿನ ನೆರವಿಲ್ಲದೆ ಅರ್ಥವಾದಾಗ ಕನ್ನಡ ಮೇಷ್ಟರಿಗೆ ಆಗುವ ಸಂತೋಷವನ್ನು ವಾಚಕರು ಊಹಿಸಿಕೊಳ್ಳಬಹುದು.

ಆ ಹಸಿರು ಮೊಸಳೆ ಊರಿನ ಕಾಲ್ಚೆಂಡಿನ ತಂಡವಾದ ‘ಪೆರ್ಸೆಬಾಯ’ದ ಗುರುತು. ‘ಪೆರ್ಸಾತುವಾನ್ ಸೆಪಾಕ್ ಬೋಲಾ ಸುರಬಾಯ’ ಎಂಬುದರ ಸಂಕ್ಷೇಪವೇ ಪೆರ್ಸೆಬಾಯ: ಸುರಬಾಯದ ಕಾಲ್ಚೆಂಡಿನ ಕೂಟ. ಉದ್ದನೆಯ ಹೆಸರುಗಳನ್ನು ಹೀಗೆ ಮುರಿದು ಹೊಸ ಪದ ಕಟ್ಟುವುದರಲ್ಲಿ ಇಂಡೊನೇಷ್ಯಾದವರು ಎತ್ತಿದ ಕೈ. ಕ್ರೀಡಾಂಗಣಕ್ಕೆ ಅವರು ಹೇಳುವ ‘ಗೆಲೋರ’ ಎಂಬುದೂ ಅಂಥದೇ. ಆಟದ ಅಂಗಳ ಎಂಬರ್ಥದ ಎರಡು ಪದಗಳನ್ನು ಕೂಡಿಸಿದರೆ ಗೆಲೋರ. ಆದರೆ ಆ ಶಬ್ದಕ್ಕೆ ಉಕ್ಕಿ ಬರುವ ತೆರೆ, ಉಬ್ಬರ ಎಂಬ ಅರ್ಥವೂ ಮೊದಲಿನಿಂದಲೇ ಉಂಟು. ಕ್ರೀಡಾಂಗಣಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿರಲಾರದು.

ತಂಬಾಕ್‌ಸಾರಿಯ ಮೈದಾನ

ತಂಬಾಕ್‌ಸಾರಿ ಊರ ನಡುವಿನ ಒಂದು ಬಡಾವಣೆ. ಅಲ್ಲಿಯ ಕ್ರೀಡಾಂಗಣದ ಹೆಸರು ‘ಗೆಲೋರ ೧೦ ನವೆಂಬರ್’. ಇಂಡೊನೇಷ್ಯಾದ ರಾಷ್ಟ್ರೀಯ ಕ್ರೀಡಾಕೂಟ ೧೯೬೯ರಲ್ಲಿ ಇಲ್ಲಿಯೇ ನಡೆಯಿತು. ದಶಕಗಳ ಕಾಲ ಪೆರ್ಸೆಬಾಯದ ಮನೆಯಂಗಳ ಇದೇ ಆಗಿತ್ತು. ಸುತ್ತಲೂ ಮನೆಗಳು, ಅಂಗಡಿಗಳು, ಗಾಡಿಯ ಮೇಲೆ ಅನ್ನದ ಕಡುಬನ್ನೂ ಮೊಳಕೆಕಾಳಿನ ಸಾರನ್ನೂ ಮಾರುವವರು. ಆಟದ ದಿನ ಗೋಲಿನ ಕೂಗು ಕೇಳಿ ಅಡುಗೆಮನೆಯ ಹೆಂಗಸರಿಗೂ ಅಂಕವೆಷ್ಟೆಂದು ತಿಳಿಯುತ್ತಿತ್ತಂತೆ.

ಒಂದು ತಾರೀಖನ್ನು ಕ್ರೀಡಾಂಗಣದ ಹೆಸರಾಗಿ ಇಟ್ಟದ್ದೇಕೆ? ೧೯೪೫ರ ಆಗಸ್ಟ್ ೧೭ರಂದು ಸುಕರ್ಣೊ ಅವರು ಸ್ವಾತಂತ್ರ್ಯವನ್ನು ಘೋಷಿಸಿದರು. ಮರುತಿಂಗಳು ಇದೇ ತಂಬಾಕ್‌ಸಾರಿಯ ಬಯಲಿನಲ್ಲಿ ಕೆಂಪು ಬಿಳಿ ಬಾವುಟಗಳನ್ನು ಹಿಡಿದು ಊರಿಗೆ ಊರೇ ನೆರೆದಿತ್ತು. ಅಕ್ಟೋಬರಿನಲ್ಲಿ ಬ್ರಿಟಿಷರ ಸೇನೆ ಬಂದಿಳಿಯಿತು. ಆ ತಿಂಗಳ ೩೦ರಂದು ಅದರ ದಳಪತಿ ಬ್ರಿಗೇಡಿಯರ್ ಮ್ಯಾಲ್ಲಬಿ ಕೆಂಪು ಸೇತುವೆಯ ಬಳಿ ಹತನಾದನು. ನವೆಂಬರ್ ೧೦ರ ಬೆಳಗ್ಗೆ ನೆಲ, ಜಲ, ಆಕಾಶ ಮೂರೂ ಕಡೆಯಿಂದ ಊರಿನ ಮೇಲೆ ಬೆಂಕಿ ಸುರಿಯಿತು. ಸುಮಾರು ಮೂರು ವಾರಗಳ ಕಾಲ ಬೀದಿಬೀದಿಯಲ್ಲಿ ಹೋರಾಟ ನಡೆದು ಊರು ಸೋತಿತು. ಆದರೆ ಈ ಗಣರಾಜ್ಯವನ್ನು ಸುಲಭವಾಗಿ ಅಳಿಸಲಾಗದೆಂದು ಲೋಕಕ್ಕೆ ತಿಳಿಯಿತು. ಆ ದಿನವನ್ನು ದೇಶವೆಲ್ಲ ‘ಹರಿ ಪಹ್ಲಾವನ್’, ಎಂದರೆ ವೀರರ ದಿನವೆಂದು ಆಚರಿಸುತ್ತದೆ. ಪಾರಸಿಯ ಅದೇ ಪದ ನಮ್ಮಲ್ಲಿಗೆ ಬಂದು ಗರಡಿಮನೆಯ ಪೈಲ್ವಾನನಾಯಿತು, ಅಲ್ಲಿ ಹುತಾತ್ಮನಾಯಿತು.

ಇದನ್ನೆಲ್ಲ ಹೇಳುತ್ತಿದ್ದ ಚಾಕ್ ಸ್ವಲ್ಪ ತಡೆದು, “ನಮ್ಮ ತಾತ ಹೇಳುತ್ತಿದ್ದರು, ಪಾಕ್. ಆ ದಿನ ಬಂದೂಕು ಹಿಡಿದು ಬಂದವರಲ್ಲಿ ಬಹಳ ಮಂದಿ ನಿಮ್ಮ ದೇಶದವರು” ಎಂದರು. ಮಾತಿನಲ್ಲಿ ದೂರಿರಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆನು. ಅದು ನಿಜ. ಮ್ಯಾಲ್ಲಬಿಯದು ೪೯ನೆಯ ಭಾರತೀಯ ಪದಾತಿ ಬ್ರಿಗೇಡು. ಅದರಲ್ಲಿ ಮರಾಠಾ ಲಘು ಪದಾತಿಯವರೂ ಇದ್ದರು. ಆ ರೆಜಿಮೆಂಟಿನ ಕೇಂದ್ರವಿರುವುದು ನಮ್ಮ ಬೆಳಗಾವಿಯಲ್ಲಿ. ತಾವಿನ್ನೂ ಪರಾಧೀನರಾಗಿದ್ದವರು, ಸ್ವಾಧೀನರಾಗಲು ಹೊರಟ ಇನ್ನೊಂದು ಜನದ ಮೇಲೆ ಗುಂಡು ಹಾರಿಸಬೇಕಾಗಿ ಬಂದದ್ದು ಎಂಥ ವಿಪರ್ಯಾಸ! ಕೆಲವು ಭಾರತೀಯ ಸಿಪಾಯಿಗಳು ಇಂಡೊನೇಷ್ಯಾದವರ ಕಡೆಗೆ ಸೇರಿಕೊಂಡರೆಂಬುದು ಮಾತ್ರ ಸ್ವಲ್ಪ ಸಮಾಧಾನ. ಅದನ್ನೂ ಚಾಕ್ ಅವರೇ ನೆನಪಿಸಿ ನನ್ನ ಬೆನ್ನು ತಟ್ಟಿದರು.

ಒಂದು ಊರು, ಹಲವು ಸಂಘಗಳು

ಕ್ರೀಡಾಂಗಣದ ಮಗ್ಗುಲಿಗೇ ಕರಂಗಾಯಂ ಎಂಬ ಮೈದಾನವಿದೆ. ನಾವು ಹೋದಾಗ ಹದಿನಾಲ್ಕು ಹದಿನೈದು ವರ್ಷದ ಹುಡುಗರು ಆಡುತ್ತಿದ್ದರು. ಗೆರೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ತಂದೆತಾಯಿಗಳು. ಮರದಡಿಯಲ್ಲಿ ಟೀ ಮಾರುವವಳು. “ಪೆರ್ಸೆಬಾಯವೆಂದರೆ ಒಂದು ತಂಡವಲ್ಲ, ಪಾಕ್; ಇಪ್ಪತ್ತು ತಂಡ” ಎಂದರು ಚಾಕ್. ಊರೊಳಗಿನ ಸುಮಾರು ಇಪ್ಪತ್ತು ಸಣ್ಣ ಸಂಘಗಳ ಒಕ್ಕೂಟವಾಗಿ ಅದು ಬೆಳೆಯಿತು. ಆ ಸಂಘಗಳು ತಮ್ಮ ತಮ್ಮಲ್ಲಿ ಆಡಿ, ಉತ್ತಮರನ್ನು ಊರಿನ ತಂಡಕ್ಕೆ ಕೊಡುವುದು ಹಳೆಯ ಪದ್ಧತಿ. ಹಳ್ಳಗಳು ಕೂಡಿ ಹೊಳೆಯಾಗುವಂತೆ.

ಆ ಸಂಘಗಳ ಹೆಸರುಗಳೇ ಒಂದು ಚರಿತ್ರೆ. ‘ಸೂರ್ಯನಾಗ’ ಎಂಬುದು ೧೯೦೮ರಲ್ಲಿ ಊರಿನ ಚೀನೀಯರು ಕಟ್ಟಿದ ವ್ಯಾಯಾಮ ಸಂಘದಿಂದ ಬಂದದ್ದು. ಹೆಸರು ಮಾತ್ರ ಪೂರಾ ಸಂಸ್ಕೃತ. ‘ಅಸ್ಸ್ಯಬಾಬ್’ ಅರಬರದು, ಆ ಪದಕ್ಕೆ ಯುವಕರು ಎಂದರ್ಥ. ಡಚ್ಚರ ಕಾಲದ ಸಂಘಗಳಲ್ಲಿ ಒಂದರ ಹೆಸರು ‘ಥೋರ್’. ಉತ್ತರ ಯೂರೋಪಿನ ಗುಡುಗಿನ ದೇವರೇ ಇರಬೇಕೆಂದು ನಾನು ಭಾವಿಸಿದೆನು. ಅಲ್ಲವಂತೆ, ‘ನಮ್ಮ ಪಕ್ಕೆಲುಬುಗಳ ಕ್ಷೇಮಕ್ಕಾಗಿ’ ಎಂಬ ಡಚ್ ಮಾತಿನ ಮೊದಲಕ್ಷರಗಳಂತೆ! ಡಚ್ಚರು ಹೋಗಿ ಮುಕ್ಕಾಲು ಶತಮಾನವಾದರೂ ಆ ಮೈದಾನಕ್ಕೆ ಥೋರ್ ಎಂಬ ಹೆಸರೇ ಉಳಿದಿದೆ.

ಡಚ್ಚರ ಒಕ್ಕೂಟಕ್ಕೆ ಎದುರಾಗಿ ೧೯೨೭ರ ಜೂನ್ ೧೮ರಂದು ದೇಶೀಯರು ತಮ್ಮದೇ ಕೂಟವನ್ನು ಕಟ್ಟಿಕೊಂಡರು. ಮುಂದಾಳುಗಳು ಪಾಯಿಜೊ ಮತ್ತು ಪಮೂಜಿ ಎಂಬವರು. ಅದಕ್ಕೆ ಅವರಿಟ್ಟ ಹೆಸರು ‘ಸುರಬಾಯದ ಇಂಡೊನೇಷ್ಯನ್ ಕಾಲ್ಚೆಂಡು ಒಕ್ಕೂಟ’. ಆಗ ಇಂಡೊನೇಷ್ಯಾ ಎಂಬ ದೇಶ ಯಾವ ಭೂಪಟದಲ್ಲೂ ಇರಲಿಲ್ಲ. ದೇಶ ಹುಟ್ಟುವುದಕ್ಕೆ ಹದಿನೆಂಟು ವರ್ಷ ಮೊದಲೇ ಅದರ ಹೆಸರನ್ನು ಅಂಗಿಯ ಮೇಲೆ ಧರಿಸಿ ಈ ಹುಡುಗರು ಚೆಂಡು ಒದ್ದರು. ೧೯೩೦ರ ಏಪ್ರಿಲ್ ೧೯ರಂದು ಯೋಗ್ಯಕರ್ತಾದಲ್ಲಿ ಏಳು ಊರುಗಳ ಒಕ್ಕೂಟಗಳು ಸೇರಿ ಅಖಿಲ ಇಂಡೊನೇಷ್ಯಾ ಕಾಲ್ಚೆಂಡು ಸಂಸ್ಥೆಯನ್ನು ಸ್ಥಾಪಿಸಿದಾಗ ಸುರಬಾಯವೂ ಅವುಗಳಲ್ಲೊಂದು. ಅದರ ಮೊದಲ ಅಧ್ಯಕ್ಷರು ಸೂರಾತಿನ್ ಎಂಬ ಎಂಜಿನಿಯರು. ೧೯೩೨ರಲ್ಲಿ ಡಚ್ಚರು ಈ ಊರಿನಲ್ಲಿ ನಡೆಸಿದ ಪಂದ್ಯಾವಳಿಯ ವರದಿಗೆ ದೇಶೀ ಪತ್ರಿಕೆಗಳವರನ್ನು ಸೇರಿಸದಿದ್ದಾಗ, ಲಿಮ್ ಕೂನ್ ಹಿಯಾನ್ ಎಂಬ ಚೀನೀ ಮೂಲದ ಸಂಪಾದಕರು ಬಹಿಷ್ಕಾರದ ಕರೆ ಕೊಟ್ಟರು. ಚೀನೀಯರೂ ಅರಬರೂ ಜಾವಾದವರೂ ಒಟ್ಟಾಗಿ ನಿಂತರು. ಸಭೆಗಳನ್ನು ನಿಷೇಧಿಸಬಲ್ಲ ಸರ್ಕಾರಕ್ಕೂ ಚೆಂಡಾಟ ನೋಡಲು ನೆರೆಯುವವರನ್ನು ತಡೆಯುವುದು ಕಷ್ಟವಷ್ಟೆ!

೧೯೩೮ರಲ್ಲಿ ಫ್ರಾನ್ಸಿನಲ್ಲಿ ನಡೆದ ವಿಶ್ವಕಪ್ಪಿಗೆ ‘ಡಚ್ ಈಸ್ಟ್ ಇಂಡೀಸ್’ ಎಂಬ ಹೆಸರಿನಲ್ಲಿ ಇಲ್ಲಿಂದ ಒಂದು ತಂಡ ಹೋಯಿತು. ವಿಶ್ವಕಪ್ಪಿನಲ್ಲಿ ಆಡಿದ ಏಷ್ಯಾದ ಮೊದಲ ತಂಡ ಅದೇ. ನಾಯಕ ಅಹ್ಮದ್ ನಾವಿರ್, ಸುರಬಾಯದ ಎಚ್.ಬಿ.ಎಸ್. ಸಂಘದ ಆಟಗಾರ, ವೈದ್ಯ ವಿದ್ಯಾರ್ಥಿ. ಕನ್ನಡಕ ಹಾಕಿಕೊಂಡೇ ಆಡುತ್ತಿದ್ದವರು. ಹಂಗೆರಿಯ ಎದುರು ೬ ಗೋಲುಗಳಿಂದ ಸೋತು ಒಂದೇ ಪಂದ್ಯಕ್ಕೆ ಹಿಂದಿರುಗಿದರು. ಕನ್ನಡಕಧಾರಿಯಾದ ನನಗೆ ಮಾತ್ರ ಆ ನಾಯಕರ ಮೇಲೆ ವಿಶೇಷ ಅಭಿಮಾನ ಹುಟ್ಟಿತು.

ಕರಂಗಾಯಂ ಮೈದಾನದ ಬಳಿಯ ಆಟಗಾರರ ವಸತಿಗೆ ಎರಿ ಇರಿಯಾಂತೊ ಎಂಬವರ ಹೆಸರಿಟ್ಟರು. ಪೆರ್ಸೆಬಾಯದ ಈ ಆಟಗಾರ ೨೦೦೦ದ ಏಪ್ರಿಲ್ ೩ರಂದು ತಂಬಾಕ್‌ಸಾರಿಯಲ್ಲಿ ಪಂದ್ಯದ ನಡುವೆ ಅಸ್ವಸ್ಥರಾಗಿ ಅದೇ ದಿನ ತೀರಿಕೊಂಡರು. ಅವರು ಧರಿಸುತ್ತಿದ್ದ ೧೯ನೆಯ ಸಂಖ್ಯೆಯ ಅಂಗಿಯನ್ನು ಆಮೇಲೆ ಯಾರಿಗೂ ಕೊಡಲಿಲ್ಲ.

ಕೀರ್ತಿ ಮತ್ತು ಕಳಂಕ

ತಂಬಾಕ್‌ಸಾರಿಯ ಹಳೆಯ ಕಾಂಕ್ರೀಟು ಮೆಟ್ಟಿಲುಗಳಿಗೆ ಬಾಯಿ ಇದ್ದಿದ್ದರೆ ಎರಡು ಕಥೆಗಳನ್ನು ಹೇಳುತ್ತಿದ್ದವು. ಒಂದು ಕೀರ್ತಿಯದು. ಎಂಬತ್ತರ ದಶಕದಲ್ಲಿ ಊರಿನಲ್ಲಿ ‘ನಿಯಾಕ್ ಮಿತ್ರ’ ಎಂಬ ವೃತ್ತಿಪರ ತಂಡವೂ ಇತ್ತು. ಮನರಂಜನಾ ಕೇಂದ್ರವೊಂದರ ಹೆಸರಿನ ಮೊದಲಕ್ಷರಗಳು ‘ನಿಯಾಕ್’. ‘ಮಿತ್ರ’ ನಮ್ಮ ಮಿತ್ರನೇ. ೧೯೮೩ರ ಜೂನ್ ೧೬ರಂದು ಇಂಗ್ಲೆಂಡಿನ ಆರ್ಸೆನಲ್ ತಂಡ ಇಲ್ಲಿಗೆ ಬಂದು ಈ ಮಿತ್ರರ ಕೈಯಲ್ಲಿ ೨-೦ ಅಂತರದಿಂದ ಸೋತಿತು. ಸಿಂಗಪುರದ ಫಂದಿ ಅಹ್ಮದ್ ಒಂದು ಗೋಲು, ಜೊಕೊ ಮಾಲಿಸ್ ಇನ್ನೊಂದು. “ನಾನಾಗ ಚಿಕ್ಕ ಹುಡುಗ. ಅಪ್ಪನ ಹೆಗಲ ಮೇಲಿದ್ದೆ. ಆ ಗೋಲನ್ನು ಕಂಡೆನೋ, ಕಂಡವರ ಬಾಯಿಂದ ಕೇಳಿ ಕೇಳಿ ಕಂಡಂತಾಯಿತೋ, ಈಗ ಹೇಳಲಾರೆ” ಎಂದರು ಚಾಕ್. ಇಷ್ಟು ಪ್ರಾಮಾಣಿಕವಾದ ಸಾಕ್ಷ್ಯವನ್ನು ನಾನು ಇತಿಹಾಸದ ಪುಸ್ತಕಗಳಲ್ಲಿಯೂ ಓದಿಲ್ಲ.

ಇನ್ನೊಂದು ಕಥೆ ಕಳಂಕದ್ದು. ೧೯೮೭ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಪೆರ್ಸೆಬಾಯ ಸೆಮಾರಾಂಗ್ ನಗರದ ತಂಡಕ್ಕೆ ಸೋತಿತ್ತು. ಮರುವರ್ಷ ಪೆರ್ಸೆಬಾಯದ ಮುಂದಿನ ಸುತ್ತು ಖಚಿತವಾಗಿತ್ತು. ಸೆಮಾರಾಂಗ್ ಹೊರಬೀಳಬೇಕಾದರೆ ಪಪುವಾದ ಪೆರ್ಸಿಪುರ ತಂಡ ದೊಡ್ಡ ಅಂತರದಿಂದ ಗೆಲ್ಲಬೇಕಾಗಿತ್ತು. ೧೯೮೮ರ ಫೆಬ್ರವರಿ ೨೧ರಂದು ಪೆರ್ಸೆಬಾಯ ತನ್ನ ಮನೆಯಂಗಳದಲ್ಲಿ, ತನ್ನವರ ಎದುರಿನಲ್ಲೇ, ಪೆರ್ಸಿಪುರಕ್ಕೆ ೦-೧೨ ಅಂತರದಿಂದ ಸೋತುಕೊಟ್ಟಿತು! ಪಳಗಿಸಿದ ಆನೆಗಳಿಂದ ಆಡಿಸುವ ಪ್ರದರ್ಶನದ ಆಟಕ್ಕೆ ಹೋಲಿಸಿ ಜನ ಇದನ್ನು ‘ಆನೆ ಕಾಲ್ಚೆಂಡು’ ಎಂದು ಕರೆದರು; ಕೈಗೂಡಿಸಿ ಆಡಿದ ಪಂದ್ಯಗಳಿಗೆಲ್ಲ ಇಂಡೊನೇಷ್ಯಾದಲ್ಲಿ ಇಂದಿಗೂ ಅದೇ ಹೆಸರು. ಆ ವರ್ಷ ಪೆರ್ಸೆಬಾಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. “ಗೆದ್ದೆವು. ಆದರೆ ಆ ಕಪ್ಪಿನ ಮಾತು ತೆಗೆದರೆ ಎದುರಿಗಿದ್ದವನು ಆನೆಯ ಮಾತು ತೆಗೆಯುತ್ತಾನೆ” ಎಂದು ಚಾಕ್ ನಿಟ್ಟುಸಿರಿಟ್ಟರು.

ಹಟವೇ ಬಂಡವಾಳ

ಪೆರ್ಸೆಬಾಯದ ಅಭಿಮಾನಿಗಳಿಗೆ ‘ಬೊನೆಕ್’ ಎಂದು ಹೆಸರು. ‘ಬೊಂದೊ’ ಎಂದರೆ ಬಂಡವಾಳ. ‘ನೆಕಾತ್’ ಎಂದರೆ ಹಿಂದುಮುಂದು ನೋಡದ ಹಟ. ಹಟವೊಂದೇ ಬಂಡವಾಳವಾಗಿ ಉಳ್ಳವನು ಬೊನೆಕ್. ಎಂಬತ್ತರ ದಶಕದ ಕೊನೆಯಲ್ಲಿ ಊರಿನ ಪತ್ರಿಕೆಯ ಉತ್ತೇಜನದಿಂದ ಸಾವಿರಾರು ಜನ ಹಸಿರು ಅಂಗಿ ತೊಟ್ಟು ಜಕಾರ್ತಾಕ್ಕೆ ಹೋದಂದಿನಿಂದ ಈ ಹೆಸರು ಮೊಳಗಿತು. ಕೈಯಲ್ಲಿ ಕಾಸಿಲ್ಲದ ಹುಡುಗರು ಲಾರಿಯಿಂದ ಲಾರಿಗೆ ಹತ್ತಿಳಿದು ನೂರಾರು ಮೈಲಿ ಹೋಗುತ್ತಿದ್ದರು. ಅವರ ಗುರುತಿನ ಚಿತ್ರ, ತಲೆಗೆ ಪಟ್ಟಿ ಬಿಗಿದು ಬಾಯಿ ತೆರೆದು ಕೂಗುವ ಒಂದು ಮುಖ. ೧೯೪೫ರ ಯೋಧರ ಛಾಯೆ ಅದರಲ್ಲಿ ಕಾಣುತ್ತದೆ.

ಬೊನೆಕರನ್ನು ಹೊಗಳಿಯೇ ಬರೆದರೆ ಸುಳ್ಳು ಬರೆದಂತೆ. ರೈಲಿಗೆ ಕಲ್ಲು ತೂರಾಟ, ಬೀದಿಯ ಅನ್ನದಂಗಡಿಗಳ ಲೂಟಿ, ಎದುರಾಳಿ ಅಭಿಮಾನಿಗಳೊಡನೆ ರಕ್ತ ಹರಿದ ಹೊಡೆದಾಟ. ಇವೆಲ್ಲ ಅವರ ಹೆಸರಿಗೆ ಅಂಟಿವೆ. ಆದರೆ ಅದೇ ಹಟ ಒಮ್ಮೆ ಊರಿನ ಮಾನವನ್ನೂ ಉಳಿಸಿತು. ೨೦೧೦ರ ಸುಮಾರಿಗೆ ರಾಷ್ಟ್ರೀಯ ಸಂಸ್ಥೆಯ ಒಳಜಗಳದಲ್ಲಿ ಪೆರ್ಸೆಬಾಯ ಎರಡಾಯಿತು. ಅದೇ ಹೆಸರಿನ ಇನ್ನೊಂದು ತಂಡವನ್ನು ಸಂಸ್ಥೆ ಮಾನ್ಯಮಾಡಿತು. ಜನ ತಮ್ಮದೆಂದು ನಂಬಿದ ತಂಡ ಪಂದ್ಯವಿಲ್ಲದೆ ಕುಳಿತಿತು. ಮಾನ್ಯತೆ ಪಡೆದ ತಂಡದ ಆಟಕ್ಕೆ ಬೊನೆಕರು ಕಾಲಿಡಲಿಲ್ಲ. ಮೆರವಣಿಗೆ ನಡೆಸಿದರು, ಜಕಾರ್ತಾಕ್ಕೆ ಹೋಗಿ ಧರಣಿ ಕುಳಿತರು. ಕೊನೆಗೆ ೨೦೧೭ರ ಜನವರಿ ೮ರಂದು ಬಾಂಡುಂಗ್ ಅಧಿವೇಶನದಲ್ಲಿ ಹಳೆಯ ಪೆರ್ಸೆಬಾಯಕ್ಕೆ ಸದಸ್ಯತ್ವ ಮರಳಿ ಸಿಕ್ಕಿತು. ಅದೇ ವರ್ಷ ಅದು ಎರಡನೆಯ ದರ್ಜೆಯನ್ನು ಗೆದ್ದು ಮೇಲಕ್ಕೆ ಬಂದಿತು. ಇನ್ನೊಂದು ತಂಡವೋ ಹೆಸರಿನ ಮೇಲೆ ಹೆಸರು ಬದಲಿಸಿ, ಪೊಲೀಸರ ತಂಡದೊಡನೆ ಕೂಡಿ, ‘ಭಯಂಕರ’ ಎಂಬ ಹೆಸರಿನಿಂದ ೨೦೧೭ರಲ್ಲಿ ಮೊದಲನೆಯ ದರ್ಜೆಯ ಪ್ರಶಸ್ತಿಯನ್ನೇ ಪಡೆಯಿತು! ಮಜಪಾಹಿತದ ಅರಮನೆಯ ಕಾವಲುಭಟರಿಗೆ ಭಯಂಕರರೆಂದು ಹೆಸರಿದ್ದಿತು; ಅಲ್ಲಿಯ ಪೊಲೀಸರು ಅದನ್ನು ಬಿರುದಾಗಿ ಧರಿಸಿದ್ದಾರೆ. ಪೊಲೀಸರಿಗೆ ಭಯಂಕರರೆಂಬ ಬಿರುದು ಕೇಳಿ ನಾನು ನಕ್ಕೆನು. ಚಾಕ್ ಏಕೋ ನಗಲಿಲ್ಲ. ಕಾರಣ ಮರುದಿನ ತಿಳಿಯಿತು.

ನೂರ ಮೂವತ್ತೈದು ಕುರ್ಚಿಗಳು

ಮರುದಿನ ಅವರು ನನ್ನನ್ನು ಊರಿನ ಪಶ್ಚಿಮದ ಅಂಚಿಗೆ ಕರೆದೊಯ್ದರು. ಮನೆಗಳು ತೆಳುವಾಗಿ, ಮೀನಿನ ಕೆರೆಗಳೂ ಉಪ್ಪಿನ ಗದ್ದೆಗಳೂ ಕಾಣತೊಡಗಿದುವು. ಅವುಗಳ ನಡುವೆ ಗೆಲೋರ ಬುಂಗ್ ತೊಮೊ ಎದ್ದು ನಿಂತಿದೆ. ೨೦೧೦ರ ಆಗಸ್ಟ್ ೬ರಂದು ಅದರ ಉದ್ಘಾಟನೆಯಾಯಿತು. ಸುಮಾರು ೪೫,೦೦೦ ಜನ ಕೂರಬಹುದು. ಬುಂಗ್ ತೊಮೊ ಎಂದರೆ ‘ತೊಮೊ ಅಣ್ಣ’. ೧೯೪೫ರ ನವೆಂಬರಿನಲ್ಲಿ ಬಾನುಲಿಯ ಮುಂದೆ ಕುಳಿತು ಊರನ್ನು ಹುರಿದುಂಬಿಸಿದ ಇಪ್ಪತ್ತೈದು ವರ್ಷದ ಪತ್ರಕರ್ತ ಸುತೊಮೊ ಅವರೇ. ೧೯೮೧ರಲ್ಲಿ ಹಜ್ ಯಾತ್ರೆಯಲ್ಲಿದ್ದಾಗ ತೀರಿಕೊಂಡರು. ದೇಹವನ್ನು ಸುರಬಾಯಕ್ಕೆ ತಂದು ಮಣ್ಣುಮಾಡಿದರು. ಅವರ ಹೆಸರಿನ ಕ್ರೀಡಾಂಗಣದ ಹತ್ತಿರವೇ ಊರಿನ ಕಸದ ದಿಬ್ಬವೂ ಇದೆ. ಅದರ ದುರ್ಗಂಧದ ವಿಷಯವಾಗಿ ೨೦೧೯ರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಈಗ ಆ ಕಸದಿಂದ ವಿದ್ಯುತ್ತನ್ನು ತೆಗೆಯುತ್ತಾರೆ. ೨೦೨೩ರಲ್ಲಿ ಹದಿನೇಳರ ಕೆಳಗಿನವರ ವಿಶ್ವಕಪ್ ಪಂದ್ಯಗಳೂ ಇಲ್ಲಿ ನಡೆದುವು.

ಆ ದಿನ ಪಂದ್ಯವಿರಲಿಲ್ಲ. ಚಾಕ್ ಅವರ ಪರಿಚಯದ ಕಾವಲುಗಾರನೊಬ್ಬನು ನಮ್ಮನ್ನು ಅರ್ಧ ಗಂಟೆಯ ಮಟ್ಟಿಗೆ ಒಳಗೆ ಬಿಟ್ಟನು. ನಾನು ಹುಲ್ಲನ್ನೂ ಅದರ ಸುತ್ತಲಿನ ಓಟದ ಪಥವನ್ನೂ ನೋಡುತ್ತಿದ್ದೆನು. ಚಾಕ್ ಮಾತ್ರ ಮೈದಾನಕ್ಕೆ ಬೆನ್ನು ಮಾಡಿ ನಿಂತು, ಬೆರಳು ತೋರಿಸಿ ಬಾಗಿಲುಗಳನ್ನು ಎಣಿಸುತ್ತಿದ್ದರು. “ಏನು ಚಾಕ್?” ಎಂದೆನು. ಅವರು ಕುಳಿತುಕೊಳ್ಳುವಂತೆ 
ಸನ್ನೆ ಮಾಡಿದರು.

ಸುರಬಾಯದ ದಕ್ಷಿಣಕ್ಕೆ ಮಲಾಂಗ್ ನಗರ. ಅಲ್ಲಿಯ ‘ಅರೇಮ’ ತಂಡಕ್ಕೂ ಪೆರ್ಸೆಬಾಯಕ್ಕೂ ಹಾವು ಮುಂಗುಸಿಯ ವೈರ. ಅರೇಮದ ಕ್ರೀಡಾಂಗಣದ ಹೆಸರು ಕಂಜುರುಹಾನ್. ಎಂಟನೆಯ ಶತಮಾನದಲ್ಲಿ ಅಗಸ್ತ್ಯರ ಕಲ್ಲಿನ ಮೂರ್ತಿಯನ್ನು ಸ್ಥಾಪಿಸಿ ಸಂಸ್ಕೃತದಲ್ಲಿ ಶಾಸನ ಬರೆಸಿದ ರಾಜ್ಯದ ಹೆಸರು ಅದು. ೨೦೨೨ರ ಅಕ್ಟೋಬರ್ ೧ರ ರಾತ್ರಿ ಅಲ್ಲಿ ಪೆರ್ಸೆಬಾಯ ೩-೨ ಅಂತರದಿಂದ ಗೆದ್ದಿತು. ಅರೇಮವನ್ನು ಅದರ ಅಂಗಳದಲ್ಲಿ ಸೋಲಿಸಿದ್ದು ಇಪ್ಪತ್ತಮೂರು ವರ್ಷಗಳಲ್ಲಿ ಮೊದಲ ಸಲ. ಜಗಳದ ಭಯದಿಂದ ಬೊನೆಕರಿಗೆ ಆ ಪಂದ್ಯಕ್ಕೆ ಪ್ರವೇಶವನ್ನೇ ಕೊಟ್ಟಿರಲಿಲ್ಲ. ಚಾಕ್ ಅವರ ಮಗ ಹೋಗಲೇಬೇಕೆಂದು ಹಟ ಹಿಡಿದು, ಅಪ್ಪನ ಬೈಗುಳ ತಿಂದು, ಮನೆಯಲ್ಲಿಯೇ ಟೀವಿಯ ಮುಂದೆ ಕುಳಿತಿದ್ದನಂತೆ.

“ಗೆದ್ದಾಗ ಬೀದಿಯೆಲ್ಲ ಕುಣಿಯಿತು, ಪಾಕ್. ನಾನೂ ಕುಣಿದೆ. ನಡುರಾತ್ರಿ ದಾಟಿದ ಮೇಲೆ ಸುದ್ದಿ ಬರತೊಡಗಿತು.”

ಸೋಲಿನಿಂದ ಕುಪಿತರಾದ ಅರೇಮದ ಅಭಿಮಾನಿಗಳು ಕೆಲವರು ಮೈದಾನಕ್ಕೆ ಇಳಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಮೈದಾನಕ್ಕೆ ಮಾತ್ರವಲ್ಲ, ಹೆಂಗಸರು ಮಕ್ಕಳು ಕುಳಿತಿದ್ದ ಮೆಟ್ಟಿಲುಗಳಿಗೂ. ಕಾಲ್ಚೆಂಡಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ಕ್ರೀಡಾಂಗಣದೊಳಗೆ ಅಂಥ ವಾಯು ನಿಷಿದ್ಧ. ಕಣ್ಣು ಕಾಣದ ಜನ ಕಿರಿದಾದ ಬಾಗಿಲುಗಳತ್ತ ನುಗ್ಗಿ ಒಬ್ಬರ ಮೇಲೊಬ್ಬರು ಬಿದ್ದರು. ಸತ್ತವರು ೧೩೫ ಮಂದಿ. ಅವರಲ್ಲಿ ಎಷ್ಟೋ ಮಕ್ಕಳು. ಆಮೇಲೆ ನಡೆದ ವಿಚಾರಣೆಗೆ ಸುರಬಾಯದ ನ್ಯಾಯಾಲಯವೇ ವೇದಿಕೆಯಾಯಿತು, ಕೆಲವರಿಗೆ ಶಿಕ್ಷೆಯಾಯಿತು. ಸತ್ತವರ ಮನೆಯವರಿಗೆ ಅದು ನ್ಯಾಯವೆನಿಸಲಿಲ್ಲ.

“ಅವರು ನಮ್ಮ ವೈರಿಗಳು. ನಾವು ಅವರ ಬಸ್ಸಿಗೆ ಕಲ್ಲು ಹೊಡೆದಿದ್ದೇವೆ, ಅವರು ನಮ್ಮ ಬಸ್ಸಿಗೆ. ಆದರೆ ಆ ವಾರ ನಮ್ಮ ಹುಡುಗರು ವೀರಸ್ತಂಭದ ಬಳಿ ಮೇಣದ ಬತ್ತಿ ಹಚ್ಚಿ ಅವರಿಗಾಗಿ ಪ್ರಾರ್ಥನೆ ಮಾಡಿದರು. ನಾನೂ ಹೋಗಿದ್ದೆ. ಗೆದ್ದವನಿಗೆ ಗೆದ್ದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುವ ಆಟವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.”

ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಬರಿಯ ಕುರ್ಚಿಗಳ ಸಾಲುಗಳು ಕಣ್ಣ ಮುಂದಿದ್ದವು. ನಾನು ಮನಸ್ಸಿನಲ್ಲಿಯೇ ಒಂದು ಮೂಲೆಯಿಂದ ಎಣಿಸತೊಡಗಿದೆನು. ನೂರ ಮೂವತ್ತೈದನ್ನು ಮುಟ್ಟಲು ಬಹಳ ಹೊತ್ತು ಹಿಡಿಯಿತು. ಅಂಕೆಯಲ್ಲಿ ಓದುವಾಗ ಚಿಕ್ಕದೆನಿಸುವ ಸಂಖ್ಯೆ, ಒಂದೊಂದು ಕುರ್ಚಿಯಲ್ಲಿ ಒಬ್ಬೊಬ್ಬರನ್ನು ಕೂರಿಸುತ್ತ ಹೋದರೆ ಮುಗಿಯುವುದೇ ಇಲ್ಲ.

“ನಿಮ್ಮ ದೇಶದಲ್ಲಿ ಹೀಗಾಗುವುದಿಲ್ಲವೇ?” ಎಂದು ಚಾಕ್ ಕೇಳಿದರು. ಆಗುತ್ತದೆಂದು ಹೇಳಿದೆನು. ೨೦೨೫ರ ಜೂನ್ ೪ರಂದು ಬೆಂಗಳೂರಿನಲ್ಲಿ, ಹದಿನೆಂಟು ವರ್ಷ ಕಾದು ದೊರೆತ ಕ್ರಿಕೆಟ್ ಗೆಲುವನ್ನು ಆಚರಿಸಲು ಹೋದವರಲ್ಲಿ ೧೧ ಮಂದಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತುದನ್ನು ಹೇಳಿದೆನು. ಕ್ರಿಕೆಟ್ ಎಂದರೇನೆಂದು ಅವರಿಗೆ ಸರಿಯಾಗಿ ತಿಳಿಯದು. ಬಾಗಿಲು ಎಂದದ್ದು ಮಾತ್ರ ತಿಳಿಯಿತು. “ಅಲ್ಲಿಯೂ ಬಾಗಿಲೇ?” ಎಂದರು.

ಶೂರಭಯವೆಂಬ ಹೆಸರನ್ನು ಮೊದಲ ದಿನ ಕೇಳಿದಾಗ ಶೂರ ಎಂಬ ಭಾಗವೇ ನನಗೆ ಹಿತವಾಗಿತ್ತು. ಈ ಊರಿನ ಜನ ಡಚ್ಚರ ಎದುರು, ಬ್ರಿಟಿಷರ ಎದುರು, ತಮ್ಮದೇ ಸಂಸ್ಥೆಯ ಎದುರು ತೋರಿದ ಶೌರ್ಯಕ್ಕೆ ಆ ಅರ್ಧ ಸಾಕು. ಆದರೆ ಹೆಸರು ಕಟ್ಟಿದ ಹಿರಿಯರು ಭಯವನ್ನೂ ಜೊತೆಗಿಟ್ಟಿದ್ದಾರೆ. ಹಟವೊಂದನ್ನೇ ಬಂಡವಾಳ ಮಾಡಿಕೊಂಡವನಿಗೆ ಸ್ವಲ್ಪ ಭಯವೂ ಬೇಕು. ಅವನನ್ನು ಕಾಯಬೇಕಾದವರಿಗಂತೂ ಇನ್ನೂ ಹೆಚ್ಚು ಬೇಕು.

ಹೊರಡುವಾಗ ಮಗನ ವಿಷಯ ಕೇಳಿದೆನು. ಈಗಲೂ ಆಟಕ್ಕೆ ಹೋಗುತ್ತಾನೆಯೇ?

“ತಪ್ಪದೆ ಹೋಗುತ್ತಾನೆ. ಬೇಡವೆಂದರೆ ಕೇಳುವನೇ? ಬೊನೆಕನ ಮಗನಲ್ಲವೇ! ಒಂದು ಮಾತು ಮಾತ್ರ ಆಣೆ ಹಾಕಿಸಿಕೊಂಡಿದ್ದೇನೆ, ಪಾಕ್. ಒಳಗೆ ಹೋದೊಡನೆ ಮೊದಲು ಬಾಗಿಲು ಎಲ್ಲಿದೆ ನೋಡಿಕೋ. ಅದು ತೆರೆದಿದೆಯೇ ನೋಡಿಕೋ. ಆಮೇಲೆ ಆಟ ನೋಡು.”

ಊರಿಗೆ ಬಂದು ತಿಂಗಳಾಯಿತು. ಮೊನ್ನೆ ನಮ್ಮ ಕಾಲೇಜಿನ ವಾರ್ಷಿಕೋತ್ಸವ. ಸಭಾಂಗಣದಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಸ್ವಾಗತ ಭಾಷಣ ಮಾಡಬೇಕಾದ ನಾನು ವೇದಿಕೆ ಹತ್ತುವುದನ್ನು ಬಿಟ್ಟು ಹಿಂದಿನ ಬಾಗಿಲಿನ ಕಡೆಗೆ ಹೋದೆನು. ಅದಕ್ಕೆ ಬೀಗ ಹಾಕಿದ್ದರು. ಜವಾನನನ್ನು ಹುಡುಕಿ ಬೀಗ ತೆಗೆಸಿ ಬರುವಷ್ಟರಲ್ಲಿ ಹತ್ತು ನಿಮಿಷ ತಡವಾಯಿತು; ಪ್ರಿನ್ಸಿಪಾಲರು ಮುಖ ಗಂಟಿಕ್ಕಿಕೊಂಡಿದ್ದರು. ತಡವಾದುದೇಕೆಂದು ನಾನು ಅವರಿಗೆ ವಿವರಿಸಲಿಲ್ಲ.